ದೈತ್ಯರು ನೋಡದ ಲಿಪಿ

ದೊಡ್ಡ ಕಂಪನಿಗಳ ಎದುರು ಸಣ್ಣ ಉದ್ಯಮ ಹೇಗೆ ನಿಲ್ಲಬೇಕು? ಸ್ಟಾರ್ಟಪ್‌ಗಳ ಕುರಿತ ಬರಹ, ಭಾಷಣಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಬಂಡವಾಳ ತನ್ನಿ, ಬೇಗ ಬೆಳೆಯಿರಿ. ಹಣದ ಪೈಪೋಟಿಯಲ್ಲಿ ಗೆಲ್ಲುವವನು ಹಣವಂತನೇ ಎಂಬುದನ್ನು ಈ ಉಪದೇಶ ಮರೆಯುತ್ತದೆ. ಉರ್ದು ಮತ್ತು ಕನ್ನಡ ಕಂಪ್ಯೂಟರಿಗೆ ಬಂದ ಬಗೆ ಬೇರೆಯೇ ಉತ್ತರ ಕೊಡುತ್ತದೆ.

ಉರ್ದುವಿನ ನಸ್ತಾಲೀಕ್ ಶೈಲಿಯಲ್ಲಿ ಅಕ್ಷರಗಳು ಸಾಲಾಗಿ ಕೂರುವುದಿಲ್ಲ. ಒಂದರ ಹೆಗಲಿನಿಂದ ಇನ್ನೊಂದು ಓರೆಯಾಗಿ ಇಳಿಯುತ್ತದೆ. ಅಚ್ಚಿನ ಮೊಳೆಗೆ ಅದು ಒಗ್ಗಲಿಲ್ಲ. ಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಅಕ್ಷರಗುಚ್ಛಗಳನ್ನು ಬರೆದು, ಮಾನೋಟೈಪ್ ಸಂಸ್ಥೆಯೊಂದಿಗೆ ರೂಪಿಸಿದ ನೂರಿ ನಸ್ತಾಲೀಕ್ 1981ರಲ್ಲಿ ಪಾಕಿಸ್ತಾನದ ಜಂಗ್ ಪತ್ರಿಕೆಯ ಪುಟಕ್ಕೆ ಬಂತು. ಅದನ್ನು ಸಾಮಾನ್ಯ ಕಂಪ್ಯೂಟರಿಗೆ ತಂದದ್ದು ಭಾರತದ ಸಣ್ಣ ಸಂಸ್ಥೆ ಕಾನ್ಸೆಪ್ಟ್ ಸಾಫ್ಟ್‌ವೇರ್. 1994ರ ಇನ್‌ಪೇಜ್ ಮೂಲಕ. ಗಡಿಯ ಎರಡೂ ಕಡೆಯ ಉರ್ದು ಪತ್ರಿಕೆ, ಪ್ರಕಾಶಕರು ಅದನ್ನು ಅಪ್ಪಿಕೊಂಡರು. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಜೊತೆಗೆ ನಸ್ತಾಲೀಕ್ ಫಾಂಟ್ ಕೊಟ್ಟದ್ದು 2012ರಲ್ಲಿ!

ಕನ್ನಡದ್ದೂ ಇದೇ ಕಥೆ. ಇಂಗ್ಲಿಷ್ ಕೀಲಿಗಳನ್ನೇ ಉಚ್ಚಾರಣೆಯಂತೆ ಒತ್ತಿದರೆ ಕನ್ನಡ ಮೂಡಿಸುವ 'ಬರಹ'ವನ್ನು ಶೇಷಾದ್ರಿವಾಸು 1998ರಲ್ಲಿ ಉಚಿತವಾಗಿ ಕೊಟ್ಟರು. ವಿಂಡೋಸ್‌ಗೆ ಕನ್ನಡ ಬಂದದ್ದು 2001ರಲ್ಲಿ.

ದೈತ್ಯರಿಗೆ ತಂತ್ರಜ್ಞಾನ ಗೊತ್ತಿರಲಿಲ್ಲವೆಂದಲ್ಲ. ಅವರ ಲೆಕ್ಕದ ಪುಸ್ತಕದಲ್ಲಿ ನಮ್ಮ ಭಾಷೆಗಳು ಸಣ್ಣ ಬಾಬ್ತು. ಆ ಭಾಷೆಯ ಕಷ್ಟ ಬಲ್ಲವರಿಗೆ ಅದು ಸಣ್ಣದಾಗಿರಲಿಲ್ಲ. ಸಣ್ಣವರ ಬಲವಿರುವುದು ಇಲ್ಲಿ.

ಆದರೆ ಈ ಗೆಲುವಿಗೆ ಇನ್ನೊಂದು ಮುಖವಿದೆ. ಅಂದಿನ ತಂತ್ರಾಂಶಗಳು ಅಕ್ಷರಗಳನ್ನು ತಮ್ಮದೇ ಸಂಕೇತಗಳಲ್ಲಿ ಕೂಡಿಡುತ್ತಿದ್ದವು. ಬೇರೆಡೆ ತೆರೆದರೆ ಕಾಣುವುದು ಅರ್ಥವಿಲ್ಲದ ಗುರುತುಗಳು. ಎಲ್ಲರಿಗೂ ಸಮಾನವಾದ ಯೂನಿಕೋಡ್ ರೂಢಿಗೆ ಬಂದ ಮೇಲೆ ಎಷ್ಟೋ ಕಥೆ, ಲೇಖನ, ಪತ್ರಿಕೆಗಳ ಕಡತಗಳು ಪರಿವರ್ತನೆಗಾಗಿ ಕಾಯಬೇಕಾಯಿತು. ಪರಿವರ್ತಿಸುವವರಿಲ್ಲದೆ ಉಳಿದದ್ದು ಓದುಗನ ಪಾಲಿಗೆ ಸತ್ತಂತೆಯೇ. ಬಂದ ಗಿರಾಕಿ ಹೊರಹೋಗದಂತೆ ಬಾಗಿಲು ಹಾಕುವುದು ದೈತ್ಯರ ಚಾಳಿ. ಅದನ್ನೇ ಸಣ್ಣವನೂ ಕಲಿತರೆ ಇಬ್ಬರ ನಡುವೆ ಉಳಿಯುವುದು ಗಾತ್ರದ ವ್ಯತ್ಯಾಸವಷ್ಟೇ. ದೈತ್ಯನು ಅದೇ ಸೌಲಭ್ಯವನ್ನು ಪುಕ್ಕಟೆಯಾಗಿ ಫೋನಿನಲ್ಲೇ ಕೊಟ್ಟ ದಿನ, ಬಾಗಿಲು ಹಾಕಿಕೊಂಡ ಅಂಗಡಿಯ ಪರವಾಗಿ ಮಾತಾಡಲು ಯಾರೂ ಇರುವುದಿಲ್ಲ.

ಮಾಡುವ ಕೆಲಸ ಇನ್ನೂ ಬೇಕಾದಷ್ಟಿದೆ. ಕಾತಿಬರ ಕೈಬರಹದಲ್ಲಿ ಅಚ್ಚಾದ ಹಳೆಯ ಉರ್ದು ಪುಸ್ತಕಗಳನ್ನು ತಪ್ಪಿಲ್ಲದೆ ಓದುವ, ಬ್ಯಾರಿ ಮತ್ತು ನವಾಯತಿ ಮಾತನ್ನು ಕೇಳಿ ಬರೆದುಕೊಳ್ಳುವ ತಂತ್ರಾಂಶಗಳು ಬೇಕು. ದೈತ್ಯರ ಲೆಕ್ಕದಲ್ಲಿ ಇವು ಇಂದಿಗೂ ಸಣ್ಣ ಬಾಬ್ತುಗಳೇ. ಕೈಹಾಕುವ ಯುವಕರು ಮೊದಲು ಆ ಮಾತಾಡುವವರ ಬಳಿ ಹೋಗಲಿ, ಬಂಡವಾಳಿಗರ ಬಳಿ ಆಮೇಲೆ. ಕೂಡಿಟ್ಟದ್ದು ಮಾತ್ರ ಎಲ್ಲರೂ ತೆರೆಯುವಂತಿರಲಿ.