ಡ್ರಮ್ಮರ್ ಇಲ್ಲದ ರಾಕ್ ತಂಡ

ರಾಕ್ ಎಂದರೆ ಮೊದಲು ಕಿವಿಗೆ ಬಡಿಯುವುದು ಡ್ರಮ್ಸ್. ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ 1978ರಲ್ಲಿ ಹುಟ್ಟಿದ ಯಂಗ್ ಮಾರ್ಬಲ್ ಜೈಂಟ್ಸ್ ತಂಡದಲ್ಲಿ ಡ್ರಮ್ಸ್ ಬಾರಿಸುವವರೇ ಇರಲಿಲ್ಲ. ವೇದಿಕೆಯ ಮೇಲೆ ಮೂವರು, ಪಕ್ಕದಲ್ಲೊಂದು ಕ್ಯಾಸೆಟ್ ಪ್ಲೇಯರ್. ತಾಳವೆಲ್ಲ ಆ ಕ್ಯಾಸೆಟ್ಟಿನದೇ. ಲಂಡನ್ನಿನ ರಫ್ ಟ್ರೇಡ್ ಸಂಸ್ಥೆ 1980ರ ಆರಂಭದಲ್ಲಿ ಇವರ ‘ಕೊಲೋಸಲ್ ಯೂತ್’ ಆಲ್ಬಮ್ಮನ್ನು ಹೊರತಂದಿತು. ಆ ವರ್ಷ ಮುಗಿಯುವ ಹೊತ್ತಿಗೆ ತಂಡವೇ ಮುರಿದುಬಿದ್ದಿತ್ತು. ಪೂರ್ಣ ಪ್ರಮಾಣದ ಆಲ್ಬಮ್ ಎಂದರೆ ಅದೊಂದೇ. ಮೆಚ್ಚಿದ ಸಂಗೀತದಿಂದ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಇವರಲ್ಲಿದ್ದಷ್ಟು ಆ ಕಾಲದ ಇನ್ನಾವ ತಂಡದಲ್ಲೂ ನನಗೆ ಕಂಡಿಲ್ಲ.

ಗಿಟಾರ್ ಮತ್ತು ಆರ್ಗನ್ ನುಡಿಸುತ್ತ ಬಹುಪಾಲು ಹಾಡುಗಳನ್ನು ಬರೆದವನು ಸ್ಟುವರ್ಟ್ ಮಾಕ್ಸ್‌ಹ್ಯಾಮ್. ಅವನ ತಮ್ಮ ಫಿಲಿಪ್ ಬೇಸ್ ಗಿಟಾರ್ ನುಡಿಸಿದ. ಹಾಡಿದವಳು ಆಲಿಸನ್ ಸ್ಟಾಟನ್. ಅಣ್ಣತಮ್ಮಂದಿರ ಸೋದರಸಂಬಂಧಿ ಪೀಟರ್ ಜಾಯ್ಸ್‌ಗೆ ಎಲೆಕ್ಟ್ರಾನಿಕ್ಸ್ ಹುಚ್ಚು. ತಾನೇ ಜೋಡಿಸಿದ ಉಪಕರಣಗಳಿಂದ ತಾಳ ಹೊರಡಿಸಿದ್ದು ಅವನು. ಆ ತಾಳವೇ ಕ್ಯಾಸೆಟ್ಟಿಗೆ ಇಳಿಯಿತು. ಇದಕ್ಕೂ ಮೊದಲು ಇವರು ಬೇರೆಯವರ ಹಾಡುಗಳನ್ನು ನುಡಿಸುತ್ತಿದ್ದ ‘ಟ್ರೂ ವೀಲ್’ ಎಂಬ ತಂಡವಿತ್ತು. ಬ್ರಯಾನ್ ಈನೋನ 1974ರ ಹಾಡೊಂದರ ಹೆಸರೂ ಅದೇ. ಇವರ ಕಿವಿ ಯಾವ ಕಡೆಗಿತ್ತೆಂದು ಊಹಿಸಲು ಅಷ್ಟು ಸಾಕು.

ಪ್ರಭಾವಗಳು ಈನೋನಿಗೆ ನಿಲ್ಲುವುದಿಲ್ಲ. ಯಂತ್ರದ ತಾಳಕ್ಕೆ ನಾಚಿಕೊಳ್ಳದ ಧೈರ್ಯ ಜರ್ಮನಿಯ ಕ್ರಾಫ್ಟ್‌ವರ್ಕ್‌ನಿಂದ ಬಂದದ್ದು. ಸ್ಟುವರ್ಟ್‌ನ ಗಿಟಾರಿನಲ್ಲಿ ನನಗೆ ಕೇಳಿಸುವುದು ಇನ್ನೂ ಹಳೆಯ ಅಮೆರಿಕ: ಡುವೇನ್ ಎಡ್ಡಿಯ ದಪ್ಪ ತಂತಿಗಳ ನಾದ, ಮೆಂಫಿಸ್‌ನ ಸ್ಟೀವ್ ಕ್ರಾಪರ್‌ನ ಮಿತವ್ಯಯ. ಕ್ರಾಪರ್ ಎಂದೂ ಗಾಯಕನ ದಾರಿಗೆ ಅಡ್ಡ ಬಂದವನಲ್ಲ. ಎರಡು ಸ್ವರ ಸಾಕಾದಲ್ಲಿ ಮೂರನೆಯದನ್ನು ಮುಟ್ಟುತ್ತಿರಲಿಲ್ಲ. ಸ್ಟುವರ್ಟ್ ಈ ಪಾಠವನ್ನು ಅದರ ತುದಿಯವರೆಗೆ ಒಯ್ದ. ಬಲಗೈಯ ಅಂಗೈಯನ್ನು ತಂತಿಗಳ ಮೇಲೆ ಊರಿಕೊಂಡೇ ಮೀಟಿದ. ಸ್ವರ ಹುಟ್ಟುತ್ತಿದ್ದಂತೆ ಅಂಗೈಯಡಿ ಸತ್ತುಹೋಗುತ್ತದೆ, ಉಳಿಯುವುದು ಟಕ್ ಟಕ್ ಎಂಬ ಒಣ ಪೆಟ್ಟು. ಹೀಗೆ ಗಿಟಾರ್ ತಾಳವಾದ್ಯವಾಯಿತು. ತೆರವಾದ ಜಾಗಕ್ಕೆ ಫಿಲಿಪ್‌ನ ಬೇಸ್ ಮೇಲೇರಿ ಬಂದು ಮಟ್ಟನ್ನು ಹೊತ್ತುಕೊಂಡಿತು. ‘ಸರ್ಚಿಂಗ್ ಫಾರ್ ಮಿಸ್ಟರ್ ರೈಟ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಬೇಸ್‌ಗಷ್ಟೇ ಕಿವಿಗೊಟ್ಟು ಕೇಳಿದರೆ ಈ ಅದಲುಬದಲು ಸ್ಪಷ್ಟವಾಗುತ್ತದೆ. ಅಣ್ಣತಮ್ಮಂದಿರು ಒಬ್ಬರ ಉಸಿರಿನ ಸಂದಿನಲ್ಲಿ ಇನ್ನೊಬ್ಬರು ನುಡಿಸುತ್ತಾರೆ. ಇಂಥ ಹೊಂದಾಣಿಕೆ ಸ್ಟುಡಿಯೋದಲ್ಲಿ ಕಲಿತು ಬರುವಂಥದ್ದಲ್ಲ, ಒಂದೇ ಮನೆಯಲ್ಲಿ ಬೆಳೆದವರದ್ದು.

ಈ ತಂಡವನ್ನು ಹೊಗಳುವವರು ಸಾಮಾನ್ಯವಾಗಿ ‘ಮುಗ್ಧ’, ‘ಹವ್ಯಾಸಿ’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪಂಕ್‌ನವರಲ್ಲಿ ಹಲವರು ಬಾರದ್ದನ್ನು ಬಾರದ ಹಾಗೆಯೇ ನುಡಿಸಿ ಗದ್ದಲದಲ್ಲಿ ಮುಚ್ಚಿದರು. ಇವರು ಬಂದದ್ದನ್ನೂ ತಡೆಹಿಡಿದರು. ವೇಲ್ಸ್‌ನ ಹಳ್ಳಿಗಾಡಿನ ಫೋಯಲ್ ಸ್ಟುಡಿಯೋದಲ್ಲಿ ಕೆಲವೇ ದಿನಗಳಲ್ಲಿ ಹದಿನೈದು ಹಾಡುಗಳನ್ನು ಮುಗಿಸಬೇಕಾದರೆ ಪ್ರತಿ ಪೆಟ್ಟೂ ಮೊದಲೇ ತೀರ್ಮಾನವಾಗಿರಬೇಕು.

ಆಲಿಸನ್ ಧ್ವನಿಯ ವಿಷಯಕ್ಕೆ ಬಂದರೆ ಮಾತು ಇನ್ನೂ ಸೂಕ್ಷ್ಮವಾಗುತ್ತದೆ. ಈ ಹಾಡುಗಳಲ್ಲಿ ಬಹಳಷ್ಟು ಒಬ್ಬ ಗಂಡಸು ತನ್ನ ಪ್ರೇಮಭಂಗದ ಸುತ್ತ ಬರೆದವು. ‘ಬ್ರ್ಯಾಂಡ್ ನ್ಯೂ ಲೈಫ್’ ಹಾಡನ್ನು ಸ್ಟುವರ್ಟ್ ತಾನೇ ಹಾಡಿದ್ದರೆ ಅದು ಗೋಳಾಗುವ ಅಪಾಯವಿತ್ತು. ಆಲಿಸನ್ ಅದನ್ನು ಕೆಲಸದ ನಡುವೆ ತನ್ನಷ್ಟಕ್ಕೆ ಗುನುಗಿಕೊಳ್ಳುವವರಂತೆ ಹಾಡುತ್ತಾಳೆ. ಧ್ವನಿಯಲ್ಲಿ ಕಂಪನವಿಲ್ಲ, ಸಾಲಿನ ಕೊನೆಯ ಎಳೆತವಿಲ್ಲ, ಕೇಳುಗರ ಕನಿಕರಕ್ಕಾಗಿ ಕೈಚಾಚುವುದಿಲ್ಲ. ನೋವು ಹಾಡಿನಲ್ಲೇ ಇದೆ, ಅದನ್ನು ಗುರುತಿಸುವ ಹೊಣೆ ಮಾತ್ರ ನಮ್ಮದು. ಭಾವಗೀತೆ ಎಂದೊಡನೆ ಪದಪದಕ್ಕೂ ಭಾವ ತುಂಬಿ ಹಾಡುವುದನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಮೊದಲ ಸಲ ಇದು ನೀರಸ ಅನ್ನಿಸಬಹುದು. ಎರಡು ಮೂರು ಸಲ ಕೇಳಿದ ಮೇಲೆ ಅಳುವ ಕಂಠಗಳ ಮೇಲೆಯೇ ಅನುಮಾನ ಹುಟ್ಟುತ್ತದೆ.

ಇವರ ಅತ್ಯುತ್ತಮ ಹಾಡು ಆಲ್ಬಮ್ಮಿನಲ್ಲಿಲ್ಲ. 1980ರಲ್ಲೇ ಬೇರೆಯಾಗಿ ಬಂದ ‘ಫೈನಲ್ ಡೇ’ ಎರಡು ನಿಮಿಷವನ್ನೂ ಮುಟ್ಟುವುದಿಲ್ಲ. ವಿಷಯ ಅಣುಯುದ್ಧದ ಕೊನೆಯ ದಿನ. ಕ್ಷಿಪಣಿಗಳ ಭಯ ಬ್ರಿಟನ್ನಿನ ಮನೆಮನೆಯಲ್ಲಿದ್ದ ಕಾಲವದು. ಕಿವಿಯಲ್ಲಿ ಗುಂಯ್‌ಗುಡುವಂಥ ತೆಳುವಾದ ಒಂದು ಎತ್ತರದ ಸ್ವರ ಹಾಡಿನುದ್ದಕ್ಕೂ ಬಿಡದೆ ನಿಲ್ಲುತ್ತದೆ. ಅದರ ಕೆಳಗೆ ಆಲಿಸನ್ ಲೋಕದ ಅಂತ್ಯವನ್ನು ಪಕ್ಕದ ಬೀದಿಯ ಸುದ್ದಿಯಂತೆ ಹೇಳಿ ಮುಗಿಸುತ್ತಾಳೆ. ಸೈರನ್ ಇಲ್ಲ, ಸ್ಫೋಟವಿಲ್ಲ. ಅಣುಬಾಂಬಿನ ಬಗ್ಗೆ ರಾಕ್ ಸಂಗೀತದಲ್ಲಿ ಬಂದ ಹಾಡುಗಳಲ್ಲಿ ಇಷ್ಟು ನಡುಗಿಸಿದ್ದು ನನಗೆ ಇನ್ನೊಂದು ಗೊತ್ತಿಲ್ಲ.

ಎಲ್ಲವೂ ಈ ಎತ್ತರದಲ್ಲಿಲ್ಲ. ‘ದಿ ಟ್ಯಾಕ್ಸಿ’ ಅಭ್ಯಾಸದ ತುಣುಕಿನಂತಿದೆ. ತಂಡ ಮುರಿದ ಮೇಲೆ 1981ರಲ್ಲಿ ಬಂದ ‘ಟೆಸ್ಟ್‌ಕಾರ್ಡ್’ ಬರಿಯ ವಾದ್ಯಸಂಗೀತ. ಅದು ಚೆಂದವಿದೆ, ಆದರೆ ಆಲಿಸನ್ ಇಲ್ಲದ ಕೊರತೆಯನ್ನು ತುಂಬುವ ಶಕ್ತಿ ಆ ಆರ್ಗನ್ನಿಗಿಲ್ಲ. ಬರೆಯುವವನು ಅಣ್ಣ, ಹಾಡುವವಳು ತಮ್ಮನ ಸಂಗಾತಿ. ಈ ಮೂವರ ನಡುವಿನ ಬಿಗಿಯೇ ಹಾಡುಗಳಿಗೆ ಜೀವ ಕೊಟ್ಟಿತು, ತಂಡವನ್ನೂ ಅದೇ ಒಡೆಯಿತು ಎಂಬುದು ನನ್ನ ಎಣಿಕೆ. ಮುಂದೆ ಸ್ಟುವರ್ಟ್ ‘ದಿ ಜಿಸ್ಟ್’ ಕಟ್ಟಿದ, ಆಲಿಸನ್ ‘ವೀಕೆಂಡ್’ ತಂಡದೊಡನೆ ಜಾಝ್ ಛಾಯೆಯ ‘ಲಾ ವರಿಯೇಟೆ’ ಮಾಡಿದಳು. ಎರಡೂ ಒಳ್ಳೆಯ ಕೆಲಸಗಳೇ, ಆದರೆ ಆ ಬಿಗಿ ಅವುಗಳಲ್ಲಿಲ್ಲ.

ನಿರ್ವಾಣ ತಂಡದ ಕರ್ಟ್ ಕೊಬೇನ್ ತನ್ನ ಮೆಚ್ಚಿನ ಆಲ್ಬಮ್‌ಗಳ ಪಟ್ಟಿಯಲ್ಲಿ ‘ಕೊಲೋಸಲ್ ಯೂತ್’ ಅನ್ನು ಬರೆದಿಟ್ಟಿದ್ದ. 1994ರಲ್ಲಿ ಕರ್ಟ್ನಿ ಲವ್‌ಳ ‘ಹೋಲ್’ ತಂಡ ಅದೇ ಆಲ್ಬಮ್ಮಿನ ‘ಕ್ರೆಡಿಟ್ ಇನ್ ದ ಸ್ಟ್ರೇಟ್ ವರ್ಲ್ಡ್’ ಹಾಡನ್ನು ಪೂರಾ ಗದ್ದಲದೊಂದಿಗೆ ಮತ್ತೆ ಹಾಡಿತು. ಡ್ರಮ್ಸ್ ಬಂತು, ಕೂಗು ಬಂತು, ಹಾಡು ಬಲವಾಯಿತು. ಮೂಲದಲ್ಲಿ ಪ್ರತಿ ಮೀಟಿನ ನಂತರ ಉಳಿಯುತ್ತಿದ್ದ ಖಾಲಿ ಜಾಗ ಮಾತ್ರ ಹೋಯಿತು. ಎರಡನ್ನೂ ಒಂದರ ಹಿಂದೊಂದು ಕೇಳಿ. ನನ್ನ ಮತ ಮೂಲಕ್ಕೆ.