‘ಲಿತ್ರ’ ಪದದ ಅನುವಾದ: ಒಂದು ವಿಮರ್ಶೆ

ಹೊಸ ಒಡಂಬಡಿಕೆಯಲ್ಲಿ ‘ಲಿತ್ರ’ ಎಂಬ ಗ್ರೀಕ್ ಪದ ಬರುವುದು ಎರಡೇ ಕಡೆ. ಎರಡೂ ಯೋಹಾನನ ಸುವಾರ್ತೆಯಲ್ಲಿ. ರೋಮನ್ನರ ‘ಲಿಬ್ರ’ಕ್ಕೆ ಸಮನಾದ ಈ ತೂಕ ಸುಮಾರು 327 ಗ್ರಾಂ. 12ನೆಯ ಅಧ್ಯಾಯದಲ್ಲಿ ಮರಿಯಳು ಯೇಸುವಿನ ಪಾದಗಳಿಗೆ ಹಚ್ಚುವ ಜಟಾಮಾಂಸಿ ತೈಲ ಒಂದು ಲಿತ್ರ. 19ರಲ್ಲಿ ನಿಕೊದೇಮನು ಶವಸಂಸ್ಕಾರಕ್ಕೆ ತರುವ ರಕ್ತಬೋಳ-ಅಗರುಗಳ ಮಿಶ್ರಣ ಸುಮಾರು ನೂರು ಲಿತ್ರ. ಮೊದಲ ಪ್ರಸಂಗವನ್ನೂ ಯೇಸು ತನ್ನ ಶವಸಂಸ್ಕಾರಕ್ಕೇ ಸಂಬಂಧಿಸಿ ಮಾತನಾಡುವುದರಿಂದ (12:7), ಒಂದೇ ಮಾನದ ಈ ಮರುಬಳಕೆಯನ್ನು ಆಕಸ್ಮಿಕವೆಂದು ನಾವು ತಳ್ಳಿಹಾಕಲಾರೆವು.

1611ರ ಇಂಗ್ಲಿಷ್ ಅನುವಾದ ಎರಡೂ ಕಡೆ ‘ಪೌಂಡ್’ ಎಂದು ಈ ನಂಟನ್ನು ಉಳಿಸಿತು. ಆದರೆ ಲೂಕನ 19ನೆಯ ಅಧ್ಯಾಯದ ‘ಮ್ನಾ’ ಎಂಬ ಹಣದ ಮಾನಕ್ಕೂ ಅದೇ ಪದವನ್ನು ಬಳಸಿ ಬೇರೊಂದು ಗೊಂದಲ ತಂದಿತು. ‘ನ್ಯೂ ಇಂಟರ್‌ನ್ಯಾಷನಲ್ ವರ್ಷನ್’ ಮೊದಲ ಕಡೆ ‘ಪೈಂಟ್’ ಎಂದು ದ್ರವದ ಅಳತೆಯನ್ನೂ ಎರಡನೆಯ ಕಡೆ ‘75 ಪೌಂಡ್’ ಎಂದು ತೂಕವನ್ನೂ ಕೊಡುತ್ತದೆ. ಲೆಕ್ಕದಲ್ಲಿ ದೊಡ್ಡ ದೋಷವಿಲ್ಲ. ಆದರೆ ಎರಡು ಪ್ರಸಂಗಗಳ ನಂಟು ಓದುಗನಿಗೆ ಕಾಣದೆ ಹೋಗುತ್ತದೆ.

ಕನ್ನಡದಲ್ಲಿ ‘ಸೇರು’ ಎನ್ನಬಹುದೆ? ಅದು ತೂಕಕ್ಕೂ ಅಳತೆಗೂ ಸಲ್ಲುವ ಪದ. ಪ್ರಮಾಣ ಮಾತ್ರ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ‘ಲಿತ್ರ’ವನ್ನೇ ಇಟ್ಟರೆ ಇಂದಿನವರು ಲೀಟರೆಂದು ತಿಳಿದಾರು (ಲೀಟರಿನ ಮೂಲವೂ ಇದೇ ಪದವೆನ್ನಿ). ಆದರೂ ಎರಡೂ ಕಡೆ ಮೂಲಪದವನ್ನೇ ಉಳಿಸಿ, ತೂಕವನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು ಮೇಲೆಂದು ನಮ್ಮ ಅಭಿಪ್ರಾಯ.