ಪತ್ರದೊಳಗಿನ ಚಿತ್ರ: ಕಾಣುವುದು, ಕಾಣದಿರುವುದು

ನಮ್ಮ ಸಂಘಸಂಸ್ಥೆಗಳಲ್ಲಿ ಅನೇಕವು ಈಗ ವಾರ್ತಾಪತ್ರವನ್ನು ಅಚ್ಚು ಹಾಕಿಸುವುದನ್ನು ಬಿಟ್ಟು ಇ-ಮೇಲ್ ಮೂಲಕ ಕಳುಹಿಸುತ್ತಿವೆ. ಕಾಗದದ ವೆಚ್ಚ ಉಳಿಯಿತು, ಅಂಚೆಯ ವಿಳಂಬ ತಪ್ಪಿತು, ಸಂತೋಷವೇ. ಆದರೆ ಈ ಪತ್ರಗಳಲ್ಲಿ ಚಿತ್ರಗಳನ್ನು ಬಳಸುತ್ತಿರುವ ರೀತಿ ವಿಮರ್ಶೆಗೆ ಅರ್ಹವಾದುದು.

ಈಚೆಗೆ ನನಗೆ ಬಂದ ಪತ್ರವೊಂದನ್ನೇ ಪರಿಶೀಲಿಸೋಣ. ಕಳುಹಿಸಿದ ಸಂಸ್ಥೆಯ ಹೆಸರು ಇಲ್ಲಿ ಅನಗತ್ಯ. ವಿದ್ಯಾರ್ಥಿವೇತನಕ್ಕೆ ಅರ್ಜಿ ಆಹ್ವಾನಿಸುವ ಪತ್ರವದು. ಅರ್ಹತೆ, ಕೊನೆಯ ದಿನಾಂಕ, ವಿಳಾಸ ಎಲ್ಲವನ್ನೂ ವರ್ಣರಂಜಿತ ಭಿತ್ತಿಪತ್ರವಾಗಿ ರಚಿಸಿ, ಆ ಒಂದು ಚಿತ್ರವನ್ನೇ ಪತ್ರವೆಂದು ಕಳುಹಿಸಿದ್ದರು. ಹೊರಗಿನ ಚಿತ್ರಗಳು ತಾವಾಗಿ ತೆರೆದುಕೊಳ್ಳದಂತೆ ನನ್ನ ಗಣಕಯಂತ್ರದಲ್ಲಿ ತಡೆಯಿದೆ. ಹೀಗಾಗಿ ನನಗೆ ಮೊದಲು ಕಂಡದ್ದು ಒಂದು ಖಾಲಿ ಚೌಕ. ಗುಂಡಿ ಒತ್ತಿದೆ, ಚಿತ್ರ ಮೂಡಿತು. ನನಗೆ ನಷ್ಟವೇನೂ ಆಗಲಿಲ್ಲ. ಆದರೆ ಅದೇ ಪತ್ರ ನನ್ನ ಪರಿಚಯದ, ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬನಿಗೂ ಹೋಗಿತ್ತು. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶದ ನೆರವಿನಿಂದ ಆತ ಓದುತ್ತಾನೆ. ಚಿತ್ರ ಎದುರಾದಾಗ ಅದಕ್ಕೆ ಜೋಡಿಸಿದ ವಿವರಣೆಯನ್ನು ಆ ತಂತ್ರಾಂಶ ಓದುತ್ತದೆ. ಇಲ್ಲಿ ವಿವರಣೆಯೇ ಇರಲಿಲ್ಲ. ಅವನ ಕಿವಿಗೆ ಬಿದ್ದದ್ದು ಕಡತದ ಹೆಸರಾಗಿದ್ದ ಒಂದಷ್ಟು ಅಂಕಿಗಳು ಮಾತ್ರ. ವಿಷಯ ತಿಳಿಯುವ ಹೊತ್ತಿಗೆ ಕೊನೆಯ ದಿನಾಂಕ ಕಳೆದುಹೋಗಿತ್ತು.

ಇದು ಹೊಸದಾಗಿ ಕಂಡುಹಿಡಿಯಬೇಕಾದ ವಿದ್ಯೆಯಲ್ಲ. ಚಿತ್ರಕ್ಕೆ ಪರ್ಯಾಯ ಪಠ್ಯ ಇರಲೇಬೇಕೆಂಬುದನ್ನು 1997ರ ಎಚ್‌ಟಿಎಂಎಲ್ 4.0 ವಿಧಿಯೇ ಕಡ್ಡಾಯಗೊಳಿಸಿತ್ತು. ಬೇಕಾದದ್ದು ಒಂದು ಸಾಲು ಬರೆಯುವಷ್ಟು ವ್ಯವಧಾನ. ದಿನಾಂಕ ವಿಳಾಸಗಳನ್ನು ಅಕ್ಷರದಲ್ಲೇ ಬರೆದಿದ್ದರೆ ಅದೂ ಬೇಕಿರಲಿಲ್ಲ.

ಪತ್ರಕ್ಕೆ ಚಿತ್ರ ಬೇಡವೆಂಬುದು ನನ್ನ ವಾದವಲ್ಲ. ಇ-ಮೇಲ್‌ನಲ್ಲಿ ಚಿತ್ರ, ಧ್ವನಿಗಳನ್ನು ಸೇರಿಸುವ ವಿಧಾನವನ್ನು ರೂಪಿಸಿದವರಲ್ಲಿ ಒಬ್ಬರಾದ ನಥೇನಿಯಲ್ ಬೊರೆನ್‌ಸ್ಟೈನ್ 1992ರ ಮಾರ್ಚ್‌ನಲ್ಲಿ ತಮ್ಮ ಗಾಯಕ ತಂಡದ ಚಿತ್ರವನ್ನೂ ಹಾಡನ್ನೂ ಕಳುಹಿಸಿದರು. ಇದರಿಂದೇನು ಪ್ರಯೋಜನವೆಂದು ಕೇಳಿದವರಿಗೆ, ಮುಂದೆ ಮೊಮ್ಮಕ್ಕಳ ಚಿತ್ರಗಳನ್ನು ಹೀಗೆ ಪಡೆಯಬೇಕೆಂಬ ಆಸೆಯನ್ನು ಅವರು ಹೇಳುತ್ತಿದ್ದರಂತೆ. ಮಾತಿನಲ್ಲಿ ಹಿಡಿಯಲಾಗದ್ದನ್ನು ಚಿತ್ರ ತಲುಪಿಸಬೇಕು. ನಮ್ಮ ವಾರ್ತಾಪತ್ರಗಳಲ್ಲಿ ಕಾಣುವ, ಎಲ್ಲಿಂದಲೋ ಕೊಂಡು ತಂದ ಅಪರಿಚಿತ ನಗುಮುಖಗಳು ಏನನ್ನು ತಲುಪಿಸುತ್ತವೆಯೋ ನಾನರಿಯೆ.

ಇದಕ್ಕಿಂತ ಗಂಭೀರವಾದುದು ಕಾಣದ ಚಿತ್ರ. ಅಗಲ ಎತ್ತರ ಎರಡೂ ಒಂದೊಂದೇ ಪಿಕ್ಸೆಲ್ ಇರುವ, ಬಣ್ಣವಿಲ್ಲದ ಬಿಂದುವೊಂದನ್ನು ಪತ್ರದಲ್ಲಿ ಇರಿಸುತ್ತಾರೆ. ಅದು ನಿಜವಾಗಿ ಇರುವುದು ದೂರದ ಗಣಕಯಂತ್ರವೊಂದರಲ್ಲಿ. ಪ್ರತಿ ಓದುಗನ ಪ್ರತಿಗೂ ಬೇರೆ ಬೇರೆ ಗುರುತು. ಪತ್ರ ತೆರೆದೊಡನೆ ಬಿಂದುವಿಗಾಗಿ ಕೋರಿಕೆ ಹೋಗುತ್ತದೆ; ಯಾರು, ಯಾವಾಗ, ಯಾವ ಜಾಲವಿಳಾಸದಿಂದ ತೆರೆದರೆಂಬುದು ಅಲ್ಲಿ ದಾಖಲಾಗುತ್ತದೆ. ನೋಡಲೆಂದು ಇಟ್ಟ ಚಿತ್ರವಲ್ಲ ಅದು, ನಮ್ಮನ್ನು ನೋಡಲೆಂದು ಇಟ್ಟದ್ದು. ಜಿಮೇಲ್ 2013ರ ಡಿಸೆಂಬರ್‌ನಿಂದ ಚಿತ್ರಗಳನ್ನು ತನ್ನದೇ ಗಣಕಯಂತ್ರಗಳ ಮೂಲಕ ತರಿಸತೊಡಗಿದ್ದರಿಂದ ಓದುಗನ ಜಾಲವಿಳಾಸ ಮರೆಯಾಯಿತು. ತೆರೆದ ಸಂಗತಿ ಮಾತ್ರ ಮರೆಯಾಗಲಿಲ್ಲ. 2021ರಲ್ಲಿ ಆಪಲ್ ಸಂಸ್ಥೆ ತನ್ನ ಮೇಲ್ ತಂತ್ರಾಂಶದಲ್ಲಿ, ಓದುಗ ತೆರೆಯಲಿ ಬಿಡಲಿ, ಚಿತ್ರಗಳನ್ನು ಮೊದಲೇ ತರಿಸಿಡುವ ವ್ಯವಸ್ಥೆಯನ್ನು ತಂದಿತು. ಅಲ್ಲಿಗೆ 'ಇಷ್ಟು ಮಂದಿ ಓದಿದರು' ಎಂಬ ಲೆಕ್ಕವೇ ನಂಬಲಾಗದಂತಾಯಿತು.

ಪತ್ರ ಓದಿದರೋ ಇಲ್ಲವೋ ತಿಳಿಯುವುದು ಬೇಡವೇ ಎಂದು ಕಾರ್ಯದರ್ಶಿಗಳು ಕೇಳಬಹುದು. ದಾನಿಗಳ ಹಣಕ್ಕೆ ಲೆಕ್ಕ ಕೊಡಬೇಕಾದವರ ಪ್ರಶ್ನೆ ಅದು, ತಳ್ಳಿಹಾಕುವಂತಿಲ್ಲ. ಆದರೆ ಓದುಗರನ್ನೇ ಕೇಳಬಹುದಲ್ಲ? ಉತ್ತರ ಬರೆಯಿರೆಂದು ಪತ್ರದ ಕೊನೆಯಲ್ಲಿ ವಿನಂತಿಸಬಹುದು. ಬಾಗಿಲು ತಟ್ಟಿ ವಿಚಾರಿಸುವುದಕ್ಕೂ ಕಿಟಕಿಯ ಸಂದಿಯಲ್ಲಿ ಇಣುಕುವುದಕ್ಕೂ ಇರುವ ಅಂತರ ಅವರಿಗೆ ತಿಳಿಯದ್ದೇನಲ್ಲ.

ಆ ಸಂಸ್ಥೆಗೆ ನಾನು ಪತ್ರ ಬರೆದೆ. ವಿದ್ಯಾರ್ಥಿಯ ಅರ್ಜಿಯನ್ನು ತಡವಾಗಿಯಾದರೂ ಸ್ವೀಕರಿಸಿದರು. ಮುಂದಿನ ತಿಂಗಳ ಪತ್ರದಲ್ಲಿ ಚಿತ್ರದ ಕೆಳಗೆ ವಿವರಗಳೆಲ್ಲವೂ ಅಕ್ಷರದಲ್ಲೇ ಇದ್ದವು. ಕುತೂಹಲದಿಂದ ಆ ಪತ್ರದ ಮೂಲ ಸಂಕೇತಗಳನ್ನು ತೆರೆದು ನೋಡಿದೆ. ಕೊನೆಯ ಸಾಲಿನಲ್ಲಿ ಆ ಬಿಂದು ಹಾಗೆಯೇ ಇತ್ತು.